ಶುಕ್ರಿ ಕೆಳಗಿಟ್ಟ ಕಾಫಿ

ಇದು ನಿಜವಾಗಿ ನಡೆದ ಕಥೆ. ಸರಿಯಾಗಿ ಹೇಳಬೇಕೆಂದರೆ ಸ್ವಲ್ಪ ನಡೆದದ್ದು, ಬಹಳಷ್ಟು ತುಳಿದದ್ದು, ಉಳಿದದ್ದು ತಳ್ಳಿದ್ದು. ಸಾಕ್ಷಿ ಕೇಳುವವರಿಗೆ ಕೊನೆಯಲ್ಲಿ ತೋರಿಸುತ್ತೇನೆ. ಈಗಲೇ ತೋರಿಸಿದರೆ ನೀವು ನಗಲು ಶುರುಮಾಡಿ ಕಥೆ ಕೇಳುವುದನ್ನೇ ಬಿಡುತ್ತೀರಿ.

ಅಮ್ಮಾನಿನ ಒಂದು ಸರ್ಕಾರಿ ಕಚೇರಿಯಲ್ಲಿ ಶುಕ್ರಿ ಎಂಬ ಗುಮಾಸ್ತನಿದ್ದಾನೆ. ವಯಸ್ಸು ಐವತ್ತಕ್ಕೆ ಎರಡು ಕಮ್ಮಿ, ತೂಕ ನೂರಕ್ಕೆ ಎರಡು ಕಮ್ಮಿ. ಅವನ ಮೀಸೆ ಮಾತ್ರ ಯಾವುದಕ್ಕೂ ಕಮ್ಮಿಯಿಲ್ಲ. ಬಾಗಿಲಲ್ಲಿ ಮೊದಲು ಮೀಸೆ ಬರುತ್ತದೆ, ಹಿಂದೆಯೇ ಹೊಟ್ಟೆ, ಎಲ್ಲ ಮುಗಿದ ಮೇಲೆ ಶುಕ್ರಿ. ಅವನ ಪಕ್ಕದ ಮೇಜು ನನ್ನದು. ಹೆಸರು ಜೌದತ್. ನನಗೆ ಕಡತಕ್ಕಿಂತ ಕಂಠ ಚೆನ್ನಾಗಿ ಒಲಿದಿದೆ. ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನದು. ನಿರ್ದೇಶಕರ ದನಿಯಲ್ಲಿ ಫೋನ್ ಮಾಡಿ ನನಗೆ ನಾನೇ ಎರಡು ಸಲ ರಜೆ ಮಂಜೂರು ಮಾಡಿಕೊಂಡವನು ನಾನು.

ಒಂದು ದಿನ ಚಹಾ ಹೊತ್ತಿನಲ್ಲಿ ಯಾರೋ ಮೊಣಕಾಲು ನೋವಿನ ಮಾತೆತ್ತಿದರು. ಶುಕ್ರಿ ಸುಮ್ಮನಿರಬಹುದಿತ್ತು. "ನಮ್ಮ ಕಾಲದಲ್ಲಿ ಎಂಥಾ ಮೊಣಕಾಲು! ನಾನು ಇಪ್ಪತ್ತು ವರ್ಷದವನಿದ್ದಾಗ ಇಲ್ಲಿಂದ ಮುನ್ನೂರು ಕಿಲೋಮೀಟರ್ ದೂರದ ಅಕಬಾಕ್ಕೆ ಸೈಕಲ್ಲಲ್ಲಿ ಹೋಗಿ ಸಮುದ್ರದಲ್ಲಿ ಕಾಲು ತೊಳ್ಕೊಂಡು ಬಂದಿದ್ದೆ" ಎಂದುಬಿಟ್ಟ.

ಅವನ ಬಳಿ ಸೈಕಲ್ಲಿನ ಜೊತೆ ತೆಗೆಸಿಕೊಂಡ ಒಂದು ಫೋಟೋ ಇರುವುದು ನಿಜ. ಅದು ಸ್ಟುಡಿಯೋದ ಸೈಕಲ್ಲು, ಹಿಂದಿನ ಸಮುದ್ರವೂ ಸ್ಟುಡಿಯೋದ್ದು.

"ಹಾಗಾದ್ರೆ ಇನ್ನೊಂದ್ಸಲ ತೊಳ್ಕೊಂಡು ಬಾರಪ್ಪಾ, ಕೊಳೆಯಾಗಿರುತ್ತೆ" ಎಂದ ಚಹಾ ತರುವ ಮುದುಕ ಅಬು ರಾತಿಬ್.

ಕಚೇರಿಯೆಲ್ಲ ನಕ್ಕಿತು. ಶುಕ್ರಿಯ ಕಿವಿ ಕೆಂಪಾಯಿತು. ಎದ್ದು ನಿಂತು ಬಲಗೈಯಲ್ಲಿ ಮೀಸೆ ಹಿಡಿದ. ನಮ್ಮ ಸೀಮೆಯಲ್ಲಿ ಗಂಡಸು ಮೀಸೆ ಹಿಡಿದನೆಂದರೆ ಎಲ್ಲರೂ ಲೋಟ ಕೆಳಗಿಟ್ಟು ಕೇಳಬೇಕು. "ಮತ್ತೆ ಸೈಕಲ್ಲಲ್ಲೇ ಹೋಗ್ತೀನಿ. ಅಕಬಾ ಸಮುದ್ರ ಮುಟ್ಟೋವರೆಗೆ ನಾಲ್ಕು ಚಕ್ರ ಇರೋ ಯಾವುದಾದ್ರೂ ಗಾಡಿ ಮೇಲೆ ನಾನು ಕೂತ್ರೆ, ಈ ಮೀಸೆ ಬೋಳಿಸಿ ಅಬು ರಾತಿಬ್‌ನ ಚಹಾದ ಟ್ರೇ ಮೇಲಿಡ್ತೀನಿ!"

ಆ ಕ್ಷಣದ ಗಾಂಭೀರ್ಯ ಕಂಡು ನನಗೂ ಹುರುಪು ಬಂತು. ಅವನ ಜೊತೆ ಹೋಗಿ ಅವನು ಏದುಸಿರು ಬಿಡುವುದನ್ನು ನೋಡುವ ಸುಖ ತಪ್ಪಿಸಿಕೊಳ್ಳಬಾರದೆನಿಸಿತು. ಹದಿನೆಂಟು ವರ್ಷದಿಂದ ಎಣ್ಣೆ ಹಾಕಿ ಸಾಕಿದ ನನ್ನ ತೆಳುಮೀಸೆಯ ಮೇಲೆ ನಾನೂ ಕೈಯಿಟ್ಟು, "ಅವನ ಆಣೆಯೇ ನನ್ನ ಆಣೆ, ನಾನೂ ಜೊತೆಗೆ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಸಣ್ಣಪುಟ್ಟ ವಿವರಗಳನ್ನು ಆಮೇಲೆ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೊರಡುವ ದಿನ ಶುಕ್ರಿಯ ಹೆಂಡತಿ ಹನಾನ್ ಮೂರನೆಯ ಮಹಡಿಯ ಬಾಲ್ಕನಿಯಿಂದಲೇ ಬೀಳ್ಕೊಟ್ಟಳು, ಇಡೀ ಬೀದಿಗೆ ಕೇಳುವ ಹಾಗೆ.

"ಮುಂದಿನ ತಿಂಗಳು ಅರೀಜ್‌ನ ಕೇಳೋಕೆ ಗಂಡಿನ ಕಡೆಯೋರು ಬರ್ತಾರೆ, ನೆನಪಿದೆಯಾ? ಮೀಸೆ ಇಲ್ದೆ ವಾಪಸ್ ಬಂದ್ರೆ ಬಾಗಿಲು ತೆಗೆಯಲ್ಲ ಹೇಳಿರ್ತೀನಿ! ಅಷ್ಟು ಜನ ದೊಡ್ಡೋರ ಮುಂದೆ ಯಾರನ್ನ ಕೂರಿಸ್ಲಿ? ಬೋಳುಮೂತಿಯ ಯಾರೋ ದಾರಿಹೋಕನ್ನ ಕೂರಿಸಿ ಇವನೇ ಹುಡುಗಿ ಅಪ್ಪ ಅನ್ಲಾ?"

ಎದುರು ಮನೆಯವರು ಕಿಟಕಿ ತೆರೆದರು. ಪಕ್ಕದ ಮನೆಯವರು ಕುರ್ಚಿ ತಂದರು.

ಅವಳ ಮಾತಿನಲ್ಲಿ ನ್ಯಾಯವಿತ್ತು. ನಮ್ಮಲ್ಲಿ ಹೆಣ್ಣು ಕೇಳಲು ಹಿರಿಯರ ದಂಡೇ ಬರುತ್ತದೆ. ಅದಕ್ಕೆ ಜಾಹಾ ಎನ್ನುತ್ತೇವೆ. ದಂಡಿನ ಯಜಮಾನ ಕೊಟ್ಟ ಕಾಫಿಯನ್ನು ತುಟಿಗೆ ಸೋಕಿಸದೆ ನೆಲದ ಮೇಲಿಡುತ್ತಾನೆ. ಹೆಣ್ಣು ಕೇಳಲು ಬಂದಿರಲಿ, ಜಗಳದ ರಾಜಿಗೆ ಬಂದಿರಲಿ, ನೆಲಕ್ಕಿಟ್ಟ ಕಾಫಿಗೆ ಒಂದೇ ಅರ್ಥ: ನಮ್ಮ ಬೇಡಿಕೆ ನಡೆಸಿಕೊಡುವವರೆಗೆ ಕುಡಿಯುವುದಿಲ್ಲ. ಆಗ ಮನೆಯೊಡೆಯ ಮೀಸೆಯ ಮೇಲೆ ಕೈಯಾಡಿಸಿ, ಗಂಭೀರವಾಗಿ ಒಂದೇ ಮಾತು ಹೇಳಬೇಕು: "ಕಾಫಿ ಕುಡೀರಿ, ನೀವು ಬಂದ ಕೆಲಸ ಆಯ್ತು."

ಈ ಒಂದೇ ಮಾತನ್ನು ಶುಕ್ರಿ ಒಂದು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದ. ನಾಲಿಗೆ ಹೊರಳುತ್ತಿರಲಿಲ್ಲ. ಮಾದಬಾ ಊರು ದಾಟುವವರೆಗೂ ಪ್ರತಿ ಏರಿನಲ್ಲಿ ಅವನ ಪಾಠ ನನ್ನ ಕಿವಿಗೆ ಬೀಳುತ್ತಿತ್ತು. "ಕೆಲಸ ಕುಡೀರಿ, ನೀವು ಬಂದ ಕಾಫಿ ಆಯ್ತು... ಥತ್! ನೀವು ಕುಡಿದ ಕೆಲಸ..."

"ಹೀಗೇ ಹೇಳು ಶುಕ್ರಿ, ಹುಡುಗನ ಕಡೆಯೋರು ತಾವಾಗೇ ಎದ್ದು ಹೋಗ್ತಾರೆ" ಎಂದೆ ನಾನು, ಹನಾನ್‌ಳ ದನಿಯಲ್ಲಿ. ಅವನು ಬೆಚ್ಚಿಬಿದ್ದು ಹಿಂದೆ ತಿರುಗಿ, ಸೈಕಲ್ ಸಮೇತ ಈರುಳ್ಳಿ ಹೊಲಕ್ಕೆ ಇಳಿದ.

ಎರಡನೆಯ ದಿನ ಬೆಳಗ್ಗೆ ಮುಜೀಬ್ ಕಣಿವೆಯ ಉತ್ತರದ ಅಂಚಿಗೆ ಬಂದೆವು. ಎದುರಿನ ಅಂಚು ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಹಕ್ಕಿಗೆ ನಾಲ್ಕು ಕಿಲೋಮೀಟರ್, ಮನುಷ್ಯನಿಗೆ ಹದಿನೆಂಟು. ಹಾವಿನಂತೆ ಇಳಿದು, ಅಣೆಕಟ್ಟು ದಾಟಿ, ಹಾವಿನಂತೆಯೇ ಹತ್ತಬೇಕು. ಅಂಚಿನಲ್ಲಿ ಮೇಕೆಕೂದಲಿನ ಗುಡಾರ, ಗುಡಾರದ ಮುಂದೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕ, ಮುದುಕನ ಕಣ್ಣಿಗೆ ಅಂಟಿಕೊಂಡ ದುರ್ಬೀನು. ನಮ್ಮ ಸಲಾಮಿಗೆ ಆತ ಕಣ್ಣು ತೆಗೆಯದೆಯೇ ಉತ್ತರ ಕೊಟ್ಟ.

"ಬನ್ನಿ, ಕುಂತ್ಕೊಳ್ಳಿ. ಸದ್ದು ಮಾಡ್ಬೇಡಿ. ಅವನು ಈಗ ನಾಷ್ಟಾ ಮಾಡ್ತಾವ್ನೆ."

"ಯಾರು ಹಾಜಿ?"

"ನನ್ನ ಚಿಕ್ಕಪ್ಪನ ಮಗ, ಅಬು ಫ್ರೇಹ್. ಆ ಕಡೆ ಅಂಚಲ್ಲಿರೋ ಗುಡಾರ ಕಾಣ್ತದಾ? ಹನ್ನೊಂದು ವರ್ಷ ಆಯ್ತು ಮಾತು ಬಿಟ್ಟು. ಮೊಟ್ಟೆ ತಿಂತಾವ್ನೆ ನೋಡಿ, ಎರಡು! ಡಾಕ್ಟ್ರು ಒಂದೇ ತಿನ್ನು ಅಂದವ್ರೆ. ಸಾಯ್ತಾನೆ, ಮುಂಡೇಗಂಡ." ಆ ದನಿಯಲ್ಲಿ ಸಿಟ್ಟೆಷ್ಟು, ಸಂಕಟವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಆತನ ಹೆಸರು ಅಬು ದಹ್ಹಾಮ್. ಮೂರು ಲೋಟ ಚಹಾ ಮುಗಿಯುವಷ್ಟರಲ್ಲಿ ಜಗಳದ ಚರಿತ್ರೆ ಪೂರ್ತಿ ನಮ್ಮದಾಯಿತು. ಹನ್ನೊಂದು ವರ್ಷದ ಹಿಂದೆ ಈತನ ಮಗನ ಮದುವೆಯ ಊಟ. ದೊಡ್ಡ ತಟ್ಟೆಯಲ್ಲಿ ಅನ್ನ, ಅನ್ನದ ಮೇಲೆ ಮಾಂಸ, ಅದರ ಮೇಲೆ ಕುರಿಯ ತಲೆ. ತಲೆಯ ಮುಖ ಯಾರ ಕಡೆಗಿದೆಯೋ ಅವನೇ ಆ ತಟ್ಟೆಯ ದೊಡ್ಡ ಅತಿಥಿ. ಆವತ್ತು ಅದು ಅಬು ಫ್ರೇಹ್‌ನನ್ನು ಬಿಟ್ಟು, ಪಕ್ಕದಲ್ಲಿ ಕೂತಿದ್ದ ನೀರಿನ ಟ್ಯಾಂಕರ್ ಡ್ರೈವರ್ ಕಡೆ ನೋಡುತ್ತಿತ್ತಂತೆ.

"ತಟ್ಟೆ ದುಂಡಗದೆ ಕಣಯ್ಯಾ!" ಅಬು ದಹ್ಹಾಮ್ ತೊಡೆ ತಟ್ಟಿದ. "ದುಂಡನೆ ತಟ್ಟೆಗೆ ಮುಂದೆ ಯಾವುದು, ಹಿಂದೆ ಯಾವುದು? ಸ್ವಲ್ಪ ತಿರುಗ್ತು. ಕೈಯಲ್ಲಿ ಇಷ್ಟು ತಳ್ಳಿದ್ರೆ ಸರಿ ಹೋಗ್ತಿತ್ತು. ಅವನು ಎದ್ದು ಹೋದ. ಹೋದೋನು ಕಣಿವೆನೇ ದಾಟಿಬಿಟ್ಟ."

"ನೀವೇ ಒಂದು ಮಾತು ಹೇಳಿಕಳಿಸಬಹುದಿತ್ತಲ್ಲ ಹಾಜಿ?" ಎಂದ ಶುಕ್ರಿ.

"ನಾನಾ? ನಾನ್ಯಾಕೆ? ಕಳಿಸಿದ್ರೆ ಅವನು ಕಳಿಸ್ಲಿ" ಎಂದ ಅಬು ದಹ್ಹಾಮ್, ದುರ್ಬೀನು ಒರೆಸಿಕೊಳ್ಳುತ್ತ.

ಹೊರಟಾಗ ಶುಕ್ರಿಯ ಬೋಳುತಲೆ ಬಿಸಿಲಿಗೆ ಕೆಂಪಗಾದದ್ದು ಕಂಡು ಮುದುಕನಿಗೆ ಮರುಕ ಹುಟ್ಟಿತು. ತನ್ನದೇ ಕೆಂಪು ಚೌಕುಳಿ ರುಮಾಲನ್ನು ಅವನ ತಲೆಗೆ ಸುತ್ತಿ, ಒಣಗಿದ ಮಜ್ಜಿಗೆಯುಂಡೆಗಳ ಗಂಟೊಂದನ್ನು ಕೈಗಿಟ್ಟು, ಅಪ್ಪಿ ಬೀಳ್ಕೊಟ್ಟ. ಇಳಿಜಾರಿನಲ್ಲಿ ನನಗೆ ಹೊಳೆಯದ ಸಂಗತಿಯೊಂದಿತ್ತು. ಎದುರಿನ ಅಂಚಿನಲ್ಲೂ ಒಂದು ದುರ್ಬೀನು ಇರಬಹುದು ಎಂಬುದೇ ಅದು.

ಇಳಿದದ್ದು ಇಪ್ಪತ್ತು ನಿಮಿಷ, ಹತ್ತಿದ್ದು ಎರಡೂವರೆ ಗಂಟೆ. ಹ್ಯಾಂಡಲ್ ಅದುಮಿ ಅದುಮಿ ಶುಕ್ರಿಯ ಎರಡೂ ಕೈ ಜೋಮು ಹಿಡಿದುಹೋದವು. ಮೇಲೆ ತಲುಪಿದಾಗ ಬೆರಳುಗಳು ಹ್ಯಾಂಡಲ್ ಬಿಟ್ಟರೂ ಹ್ಯಾಂಡಲ್ ಹಿಡಿದ ಆಕಾರದಲ್ಲೇ ಇದ್ದವು.

ಅಬು ಫ್ರೇಹ್ ಗುಡಾರದ ಬಾಗಿಲಲ್ಲೇ ನಿಂತಿದ್ದ. ಕತ್ತಿನಲ್ಲಿ ದುರ್ಬೀನು ತೂಗಾಡುತ್ತಿತ್ತು. ನಮ್ಮನ್ನು ನೋಡಿದವನೇ ಮೊದಲು ರುಮಾಲು ನೋಡಿದ, ಆಮೇಲೆ ಮಜ್ಜಿಗೆಯುಂಡೆಯ ಗಂಟು ನೋಡಿದ.

"ಒಳಗೆ ಬನ್ನಿ" ಎಂದ. ಅತಿಥಿಯನ್ನು ಬಂದ ಕಾರಣ ಕೇಳುವ ಹಾಗಿಲ್ಲ. ಅದು ನಮ್ಮಲ್ಲಿ ತಪ್ಪು. ಕೇಳದೆ ತಿಳಿಯುವುದು ಮಾತ್ರ ತಪ್ಪಲ್ಲ. "ಅಲ್ಲಿ ಚಹಾ ಕುಡಿದ್ರಿ. ಮೂರು ಲೋಟ. ಅವನು ತೊಡೆ ತಟ್ಟಿ ಏನೋ ಹೇಳ್ದ. ಆಮೇಲೆ ಅಪ್ಪಿಕೊಂಡು ಕಳಿಸ್ದ."

"ಹೌದು ಹಾಜಿ" ಎಂದ ಶುಕ್ರಿ ಪಾಪ, ಏದುಸಿರಿನಲ್ಲಿ.

ಅಷ್ಟರಲ್ಲಿ ಗುಡಾರದಲ್ಲಿ ಏಳೆಂಟು ಜನ ಸೇರಿದ್ದರು. ಅಬು ಫ್ರೇಹ್ ಎಡಗೈಯಲ್ಲಿ ಹಿತ್ತಾಳೆಯ ಹೂಜಿ ಹಿಡಿದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿ ಕಾಫಿ ಸುರಿದು ಮೊದಲು ಶುಕ್ರಿಗೆ ಕೊಟ್ಟ. ಶುಕ್ರಿ ಬೆರಳು ಮಡಿಸಲು ನೋಡಿದ. ಬೆರಳು ಮಡಿಯಲಿಲ್ಲ. ಬಟ್ಟಲು ಅಲುಗಾಡಿತು. ಚೆಲ್ಲಿದರೆ ಅವಮಾನವೆಂದು, ನಿಧಾನವಾಗಿ ಎರಡೂ ಕೈಯಲ್ಲಿ ಕಾಪಾಡಿಕೊಂಡು, ಅದನ್ನು ತನ್ನ ಮುಂದೆ ನೆಲದ ಮೇಲಿಟ್ಟ.

ಗುಡಾರ ಸ್ತಬ್ಧವಾಯಿತು.

ಒಂದು ತಿಂಗಳಿಂದ ಆ ಒಂದು ಮಾತು ಬಿಟ್ಟರೆ ಬೇರೇನೂ ಜಪಿಸದ ಮನುಷ್ಯ, ಅದರ ಇನ್ನೊಂದು ತುದಿಯಲ್ಲಿ ತಾನೇ ಕೂತಿದ್ದೇನೆಂದು ತಿಳಿಯದೆ ಕೈ ಕೊಡವಿಕೊಳ್ಳುತ್ತಿದ್ದ.

ಈ ಜಾಗದಲ್ಲಿ ಒಬ್ಬ ಒಳ್ಳೆಯ ಸ್ನೇಹಿತ, "ಹಾಜಿ, ಅವನ ಕೈ ಜೋಮು ಹಿಡಿದಿದೆ" ಎನ್ನುತ್ತಿದ್ದ. ಮೂರು ಸೆಕೆಂಡಿನ ಕೆಲಸ. ನಾನು ಬಾಯಿ ತೆರೆದದ್ದು ಅದನ್ನು ಹೇಳುವುದಕ್ಕೇ ಎಂದು ಇಂದಿಗೂ ನಂಬಿದ್ದೇನೆ. ಆದರೆ ಅಷ್ಟು ಚೆಂದದ ಮೌನ ನನಗೆ ಜೀವನದಲ್ಲಿ ಅದುವರೆಗೆ ಎಂದೂ ಸಿಕ್ಕಿರಲಿಲ್ಲ. ಗಂಟಲಿನಿಂದ ಹೊರಬಂದದ್ದು ಎಪ್ಪತ್ತು ವರ್ಷದ ಕುಲದ ಹಿರಿಯನೊಬ್ಬನ ದನಿ. ದಪ್ಪ, ಕೊಂಚ ನಡುಗುವ, ಪ್ರತಿ ಪದದ ನಡುವೆ ಒಂಟೆ ಹಾದುಹೋಗುವಷ್ಟು ಜಾಗವಿರುವ ದನಿ.

"ಅಬು ಫ್ರೇಹ್... ರಕ್ತ ನೀರಾಗೋದಿಲ್ಲ. ಹನ್ನೊಂದು ವರ್ಷ... ಕಣಿವೆ ಅಗಲವಾಗಿದೆ, ನಿನ್ನ ಮನಸ್ಸು ಅದಕ್ಕಿಂತ ಅಗಲ ಅಂತ ಕೇಳಿ ಬಂದಿದೀವಿ. ನಮ್ಮ ಯಜಮಾನರ ಕಾಫಿ ನೆಲದ ಮೇಲಿದೆ."

ಶುಕ್ರಿ ಬಾಯಿ ತೆರೆದು ನನ್ನನ್ನು ನೋಡಿದ, ಬಟ್ಟಲು ನೋಡಿದ. ಮುಖದ ಬಣ್ಣ ಇಳಿಯಿತು. ಬಟ್ಟಲೆತ್ತಲು ಕೈ ಚಾಚಿದ. ಅಬು ಫ್ರೇಹ್ ಆ ಕೈಯನ್ನೇ ಹಿಡಿದುಕೊಂಡ.

"ಹನ್ನೊಂದು ವರ್ಷ ನಾನು ದಿನಾ ಆ ರಸ್ತೆ ನೋಡ್ತಾ ಕುಂತೆ" ಎಂದ ಮುದುಕ. ಕಣ್ಣು ಒದ್ದೆಯಾಗಿತ್ತು. "ಕಾರಲ್ಲಿ ಬರ್ತಾರೆ ಅಂದ್ಕೊಂಡೆ. ಮಂತ್ರೀನ ಕಳಿಸ್ತಾನೆ ಅಂದ್ಕೊಂಡೆ. ಅವನು ಸೈಕಲ್ ತುಳಿದು ಬೆವರು ಸುರಿಸಿ ಬರೋರನ್ನ ಕಳಿಸವ್ನೆ. ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಾ?" ಮೀಸೆಯ ಮೇಲೆ ಕೈಯಾಡಿಸಿದ. "ಕಾಫಿ ಕುಡೀರಿ, ನೀವು ಬಂದ ಕೆಲಸ ಆಯ್ತು!"

ಪರದೆಯ ಆಚೆಯಿಂದ ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಯಾರೋ ಆಕಾಶಕ್ಕೆ ಗುಂಡು ಹಾರಿಸಿದರು. ಯಾರೋ ಕುರಿ ಹಿಡಿಯಲು ಓಡಿದರು. ಶುಕ್ರಿ ಎರಡೂ ಅಂಗೈ ನಡುವೆ ಬಟ್ಟಲು ಒತ್ತಿಹಿಡಿದು ಕಾಫಿ ಕುಡಿದ, ವಿಷ ಕುಡಿಯುವವನ ಮುಖ ಮಾಡಿಕೊಂಡು.

"ಏಳಿ, ಹತ್ತಿ ಗಾಡಿ!" ಅಬು ಫ್ರೇಹ್ ಆಗಲೇ ಹೊರಗಿದ್ದ. "ಈಗ್ಲೇ ಹೋಗಾಣ. ಜಾಹಾ ಯಜಮಾನ್ರು ಮುಂದೆ ನನ್ನ ಪಕ್ಕ. ಸೈಕಲ್ಲು ಹಿಂದೆ ಎಸೀರಿ!"

ಹೊರಗೆ ಏಳು ಪಿಕಪ್ ಗಾಡಿಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಪ್ರತಿಯೊಂದಕ್ಕೂ ನಾಲ್ಕು ಚಕ್ರ.

ಶುಕ್ರಿ ನನ್ನನ್ನು ಗುಡಾರದ ಹಗ್ಗದ ಹಿಂದಕ್ಕೆ ಎಳೆದ. "ಏನೋ ಮಾಡಿದೆ ಪಾಪಿ? ಗಾಡಿ ಹತ್ತಿದ್ರೆ ನನ್ನ ಮೀಸೆ ಹೋಗುತ್ತೆ. ಹತ್ತಲ್ಲ ಅಂದ್ರೆ ಇವರಿಗೆ ಅವಮಾನ. ನಿಜ ಹೇಳಿದ್ರೆ ಕುರಿ ಬದಲು ನನ್ನ ಕೊಯ್ತಾರೆ!"

"ಮೂರನೇ ದಾರಿ ಇದೆಯಲ್ಲ" ಎಂದೆ ಸಮಾಧಾನದಿಂದ. "ಸೈಕಲ್ಲಲ್ಲೇ ವಾಪಸ್ ಹೋಗು."

"ಈ ಕಣಿವೆನಾ? ಈಗ ತಾನೇ ಹತ್ತಿ ಬಂದೆ!"

"ನಿನಗೆ ದಾರಿ ಪರಿಚಯ ಆಗಿದೆ, ಅದೂ ಒಂದು ಅನುಕೂಲ."

ಅವನು ನನ್ನ ಕತ್ತು ಹಿಸುಕಲು ಕೈಯೆತ್ತಿದ. ಬೆರಳು ಮಡಿಯಲಿಲ್ಲ. ಜೋಮಿಗೆ ನಾನು ಋಣಿ.

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಸೈಕಲ್ಲಿನ ಮೇಲೆ ಕೆಂಪು ರುಮಾಲಿನ ಶುಕ್ರಿ, ಹಿಂದೆ ಹಾರನ್ ಬಾರಿಸುತ್ತ ಏಳು ಪಿಕಪ್ಪು. "ಎಂಥಾ ಮನುಷ್ಯ! ಬಂದ ಕಾಲಲ್ಲೇ ವಾಪಸ್ ಹೋಗ್ತೀನಿ ಅಂತಾನೆ" ಎಂದು ಜನ ಕಣ್ಣೊರೆಸಿಕೊಂಡರು. ನಾನೂ ಸೈಕಲ್ ಹತ್ತಲು ಹೋದೆ. ಅಬು ಫ್ರೇಹ್ ಬಿಡಲಿಲ್ಲ. "ಮಾತಾಡೋ ಹಿರಿಯರು ನನ್ನ ಪಕ್ಕ ಇರ್ಬೇಕು" ಎಂದು ಕೈಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದ. ಹಿರಿಯರ ಮಾತು ಮೀರುವುದು ನನ್ನ ಸಂಸ್ಕಾರದಲ್ಲಿಲ್ಲ. ದ್ರಾಕ್ಷಿಯ ಬುಟ್ಟಿಯೂ ಅಲ್ಲೇ ಇತ್ತು.

ಕಣಿವೆಯ ತಳದಲ್ಲಿ, ಅಣೆಕಟ್ಟಿನ ಹತ್ತಿರ, ಸಂಚಾರಿ ಪೊಲೀಸಿನ ಒಬ್ಬ ಸಾರ್ಜೆಂಟ್ ಕೈಯಡ್ಡ ಹಿಡಿದ.

"ಏನಿದು? ಮದುವೆನಾ, ಸಾವಿನ ಮಯ್ಯತ್ತಾ?"

"ರಾಜಿ" ಎಂದ ಅಬು ಫ್ರೇಹ್.

"ಯಾರ ಜೊತೆ?"

"ಅಬು ದಹ್ಹಾಮ್ ಜೊತೆ."

ಸಾರ್ಜೆಂಟ್ ಟೋಪಿ ತೆಗೆದು ಬೆವರೊರೆಸಿಕೊಂಡ. "ಅಲ್ಹಮ್ದುಲಿಲ್ಲಾಹ್! ಇವನು ದುರ್ಬೀನಲ್ಲಿ ನೋಡ್ತಾನೆ ಅಂತ ಅವನ ದೂರು, ಅವನು ನೋಡ್ತಾನೆ ಅಂತ ಇವನ ದೂರು. ಆರು ವರ್ಷದಿಂದ ವಾರಕ್ಕೊಂದು ಬರ್ಕೋತಾ ಇದೀನಿ. ನೋಡೋದು ಅಪರಾಧ ಅಲ್ಲ ಅಂದ್ರೆ, ಅವನು ಬೇಕಂತಲೇ ನೋಡ್ತಾನೆ ಅಂತಾರೆ." ಶುಕ್ರಿಯ ಕಡೆ ತಿರುಗಿ ಸೆಲ್ಯೂಟ್ ಹೊಡೆದ. "ಯಜಮಾನ್ರೇ, ನಾನು ಮುಂದೆ ದಾರಿ ಬಿಡಿಸ್ತೀನಿ." ಮೋಟಾರ್ ಸೈಕಲ್ಲಿನ ಸೈರನ್ ಹಾಕಿ ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಹೊರಟ.

ಏರಿನ ಮೂರನೆಯ ತಿರುವಿನಲ್ಲಿ ಶುಕ್ರಿಯ ಕಾಲು ನಿಂತಿತು. ಕಾಲು ನಿಂತಮೇಲೆ ಸೈಕಲ್ಲೂ ನಿಂತಿತು. ಸೈಕಲ್ ನಿಂತಮೇಲೆ ಏಳು ಪಿಕಪ್ಪೂ ನಿಂತವು.

"ಹತ್ತಯ್ಯಾ ಸಾಕು, ನಿನ್ನ ಮರ್ಯಾದೆ ತಲುಪ್ತು ನನಗೆ" ಎಂದ ಅಬು ಫ್ರೇಹ್ ಕಿಟಕಿಯಿಂದ.

"ಆಗಲ್ಲ ಹಾಜಿ." ಶುಕ್ರಿಗೆ ಅಳುವೇ ಬಂದಿತ್ತು. "ಅಕಬಾ ಮುಟ್ಟೋವರೆಗೆ ನಾಲ್ಕು ಚಕ್ರದ ಗಾಡಿ ಮೇಲೆ ಕೂರಲ್ಲ ಅಂತ ಆಣೆ ಮಾಡಿದೀನಿ. ಮೀಸೆ ಮೇಲೆ."

ಅಬು ಫ್ರೇಹ್ ಪಿಕಪ್ಪಿನಿಂದ ಕೆಳಗೆ ಧುಮುಕಿದ. "ಮೀಸೆ ಮೇಲಾ? ಅಯ್ಯೋ, ಮೊದ್ಲೇ ಹೇಳಬಾರ್ದಾ! ನಾನು ಬಾಯಾರೆ ಹತ್ತು ಹತ್ತು ಅಂದ್ನಲ್ಲ, ಈ ನಾಲಿಗೆಗೆ ಏನಾಗಿತ್ತು! ಏ, ಎಲ್ಲಾ ಗಾಡಿ ಐವತ್ತು ಹೆಜ್ಜೆ ಹಿಂದಕ್ಕೆ ತಗೊಳ್ರೋ! ಅವನಿಗೆ ಗಾಡಿ ನೆರಳೂ ತಾಗಬಾರ್ದು!"

ರಸ್ತೆಯಂಚಿನಲ್ಲೇ ಪಂಚಾಯಿತಿ ಕೂತಿತು. ಹಗ್ಗ ಕಟ್ಟಿ ಪಿಕಪ್ಪಿನಿಂದ ಎಳೆಯಬಹುದೇ? ಎಳೆಯಬಹುದು, ಹಗ್ಗಕ್ಕೆ ಚಕ್ರವಿಲ್ಲ ಎಂದ ಒಬ್ಬ. ಹಗ್ಗದ ಇನ್ನೊಂದು ತುದಿಯಲ್ಲಿ ನಾಲ್ಕು ಚಕ್ರ ಇದೆಯಲ್ಲ ಎಂದ ಇನ್ನೊಬ್ಬ. ಕತ್ತೆ ತರಿಸೋಣ ಎಂದ ಮತ್ತೊಬ್ಬ. ಕತ್ತೆಗೆ ಕಾಲು ನಾಲ್ಕು, ಅನುಮಾನಕ್ಕೆ ಎಡೆಯಾಗುತ್ತದೆ ಎಂದು ಸಾರ್ಜೆಂಟ್ ಕಾನೂನಿನ ಸೂಕ್ಷ್ಮ ತೋರಿಸಿದ. ಕೊನೆಗೆ ಅಬು ಫ್ರೇಹ್ ತೀರ್ಪು ಕೊಟ್ಟ: "ಮನುಷ್ಯನಿಗೆ ಚಕ್ರ ಇಲ್ಲ. ತಳ್ಳಿ!"

ಹಾಗಾಗಿ ಇಬ್ಬಿಬ್ಬರಾಗಿ ಪಾಳಿಯಲ್ಲಿ ತಳ್ಳಿದರು. ಎಪ್ಪತ್ತರ ಅಬು ಫ್ರೇಹ್ ಎರಡು ಸಲ ತಳ್ಳಿದ. ನಾನು ದ್ರಾಕ್ಷಿ ಬುಟ್ಟಿಯ ಪಕ್ಕದಲ್ಲಿ ಬಹಳ ಸಣ್ಣಗೆ ಕೂತಿದ್ದೆ. ಕಚೇರಿಯ ಚಪ್ಪಾಳೆ ಇದ್ದಕ್ಕಿದ್ದಂತೆ ನೆನಪಾಗಿತ್ತು. ಅಂಥ ಹೊತ್ತಿನಲ್ಲಿ ನನ್ನ ಆಣೆಯ ವಿಷಯವೆತ್ತಿ ಸಭೆಯ ಗಮನ ಬೇರೆಡೆ ಸೆಳೆಯುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ. ಶುಕ್ರಿ ಒಮ್ಮೆ ತಿರುಗಿ ನನ್ನತ್ತ ನೋಡಿದ. ಪೂರ್ತಿ ನನ್ನತ್ತ ಅಲ್ಲ, ಸ್ವಲ್ಪ ಕೆಳಗೆ, ಚಕ್ರಗಳತ್ತ. ಅವನ ಮೀಸೆಯ ಒಂದು ತುದಿ ಮೇಲೆದ್ದಿತು. ಗಾಳಿಯಿರಬೇಕು ಎಂದುಕೊಂಡೆ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಬು ದಹ್ಹಾಮ್‌ನ ಗುಡಾರ ತಲುಪಿದೆವು. ಆತ ನಾವು ಹೊರಟಾಗಿನಿಂದ ಎಲ್ಲವನ್ನೂ ದುರ್ಬೀನಿನಲ್ಲಿ ನೋಡಿದ್ದ. ಏನೆಂದು ಮಾತ್ರ ಅರ್ಥವಾಗಿರಲಿಲ್ಲ. ದಾಳಿಯೋ ಅತಿಥಿಗಳೋ ತಿಳಿಯದೆ ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಕಾಫಿಯ ಹೂಜಿ ಹಿಡಿದು ನಿಂತಿದ್ದ. ಒಲೆಯ ಮೇಲೆ ಕುರಿ ಬೇಯುತ್ತಿತ್ತು. ದಾಳಿಯಾದರೂ ಬಂದವರು ಉಣ್ಣಬೇಕಲ್ಲ.

ಇಬ್ಬರು ಮುದುಕರು ಎದುರೆದುರು ಕೂತರು. ಯಾರೂ ಯಾರನ್ನೂ ನೋಡಲಿಲ್ಲ. ಹನ್ನೊಂದು ವರ್ಷ ಬೇರೇನೂ ನೋಡಿರದವರಿಗೆ ಹತ್ತಿರದಿಂದ ನಾಚಿಕೆ. ಕೊನೆಗೆ ಅಬು ಫ್ರೇಹ್ ಗಂಟಲು ಸರಿಮಾಡಿಕೊಂಡ.

"ನೀನು ಕಳಿಸಿದ ಜಾಹಾ ಮುಟ್ತು. ನಾನು ಒಪ್ಪಿಕೊಂಡೆ."

"ಯಾವ ಜಾಹಾ?" ಎಂದ ಅಬು ದಹ್ಹಾಮ್. "ನಾನು ಯಾರನ್ನೂ ಕಳಿಸಿಲ್ಲ."

ಇದು ಆ ದಿನದ ಎರಡನೆಯ ಚೆಂದದ ಮೌನ. ನನಗೆ ಮಾತ್ರ ಚೆಂದವೆನಿಸಲಿಲ್ಲ. ಅಬು ಫ್ರೇಹ್‌ನ ಮುಖ ಕಪ್ಪಿಟ್ಟಿತು. ಅವನ ಕಡೆಯವರು ಒಬ್ಬೊಬ್ಬರೇ ಎದ್ದರು. ಸಾರ್ಜೆಂಟ್ ದೂರಿನ ಪುಸ್ತಕ ಹುಡುಕತೊಡಗಿದ. ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಾನು ಕುಲದ ಹಿರಿಯನ ದನಿ ತೆಗೆಯಲು ಹೋದೆ. ಬಂದದ್ದು ಬೆಕ್ಕಿನಮರಿಯ ದನಿ.

ಆಗ ಶುಕ್ರಿ ಮುಂದೆ ಬಂದು ಕೂತ. ಅಬು ದಹ್ಹಾಮ್ ಅಭ್ಯಾಸಬಲದಿಂದ ಕಾಫಿ ಸುರಿದುಕೊಟ್ಟ. ಅಷ್ಟು ಹೊತ್ತಿಗೆ ಬೆರಳಿನ ಜೋಮು ಬಿಟ್ಟಿತ್ತು. ಒಂದು ಹನಿ ಚೆಲ್ಲದೆ, ಇಡೀ ಗುಡಾರ ನೋಡುವ ಹಾಗೆ, ಶುಕ್ರಿ ಬಟ್ಟಲನ್ನು ನೆಲದ ಮೇಲಿಟ್ಟ.

"ಬೆಳಗ್ಗೆ ಇಟ್ಟದ್ದು ಬೇಡಿಕೆ ಅಲ್ಲ. ಕೈ ಜೋಮು ಹಿಡಿದಿತ್ತು" ಎಂದ ಶುಕ್ರಿ. ಸ್ವಂತ ದನಿ, ಯಾರದೂ ಅನುಕರಣೆಯಲ್ಲ. "ನನ್ನನ್ನ ಯಾರೂ ಕಳಿಸಲಿಲ್ಲ. ಆದ್ರೆ ಈಗ ಇಟ್ಟದ್ದು ಬೇಡಿಕೇನೇ. ಈ ಕಣಿವೆ ನಾನು ಬೆಳಗ್ಗೆಯಿಂದ ಎರಡು ಸಲ ದಾಟಿದೀನಿ. ಅಕಬಾಕ್ಕೆ ಹೋಗೋಕೆ ನಾಳೆ ಮೂರನೇ ಸಲ ದಾಟ್ಬೇಕು. ನನ್ನ ಕಾಲಿಗೆ ಮರ್ಯಾದೆ ಕೊಟ್ಟು ನೀವಿಬ್ರೂ ಒಂದೇ ತಟ್ಟೇಲಿ ಉಣ್ಣಿ. ಇಲ್ಲಾಂದ್ರೆ ನಾನು ಈ ಕಾಫಿ ಕುಡಿಯಲ್ಲ, ಇಲ್ಲಿಂದ ಏಳೋದೂ ಇಲ್ಲ. ಏಳೋಕೆ ಆಗೋದೂ ಇಲ್ಲ."

ಅಬು ಫ್ರೇಹ್ ಆ ಬಟ್ಟಲ ಕಡೆ ಬಾಗಿದ. "ಹನ್ನೊಂದು ವರ್ಷದಲ್ಲಿ ರಾಜಿಗೆ ಅಂತ ಚೆನ್ನಾಗಿರೋ ಒಂದು ಕೈನೂ ಬರ್ಲಿಲ್ಲ" ಎಂದ. "ಬಂದದ್ದು ಜೋಮು ಹಿಡಿದ ಕೈ." ಅವನ ಭುಜ ಕುಲುಕಲು ಶುರುವಾಯಿತು. ಅಬು ದಹ್ಹಾಮ್‌ನದೂ ಕುಲುಕಿತು. ಅಳುತ್ತಿದ್ದಾರೆಂದು ಸಾರ್ಜೆಂಟ್ ತಲೆ ತಗ್ಗಿಸಿದ. ಅಳುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು, ದುರ್ಬೀನಿಗೆ ದುರ್ಬೀನು ಸಿಕ್ಕಿಕೊಂಡು ಬಿಡಿಸಲಾಗದೆ ನಗುತ್ತಿದ್ದರು.

"ನೀನು ಎರಡು ಮೊಟ್ಟೆ ತಿಂತೀಯಲ್ಲೋ!" ಎಂದು ಅಬು ದಹ್ಹಾಮ್ ಅವನ ಬೆನ್ನಿಗೆ ಗುದ್ದಿದ.

"ನೋಡಿದ್ಯಾ? ನೀನು ನೋಡ್ಲಿ ಅಂತಾನೇ ತಿಂತಿದ್ದೆ!"

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅಬು ಫ್ರೇಹ್ ಕಣ್ಣೊರೆಸಿಕೊಂಡು ಕೇಳಿದ: "ಅಲ್ಲಯ್ಯಾ, ನಿನ್ನ ಕೈ ಜೋಮು ಹಿಡಿದಿದ್ರೆ, ಇವನ ನಾಲಿಗೆಗೆ ಏನು ಹಿಡಿದಿತ್ತು?"

ಎಲ್ಲರೂ ನನ್ನ ಕಡೆ ತಿರುಗಿದರು.

"ಅವನು ಒಳ್ಳೆಯವನು ಹಾಜಿ" ಎಂದ ಶುಕ್ರಿ, ಜೇನಿನಂಥ ದನಿಯಲ್ಲಿ. "ನನಗೆ ಧೈರ್ಯ ತುಂಬೋಕೆ ಅವನೂ ನನ್ನ ಹಾಗೇ ಆಣೆ ಮಾಡಿದ್ದ. ಅಕಬಾವರೆಗೆ ನಾಲ್ಕು ಚಕ್ರದ ಗಾಡಿ ಮೇಲೆ ಕೂರಲ್ಲ ಅಂತ. ಅವನೂ ಮೀಸೆ ಮೇಲೇನೇ."

ಅಬು ಫ್ರೇಹ್ ಎದ್ದ. ಹೊರಗೆ ಹೋದ. ತನ್ನ ಪಿಕಪ್ಪಿನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ ಒಳಬಂದ.

"ನಾಲ್ಕು" ಎಂದ. "ಸ್ಟೆಪ್ನಿ ಸೇರಿ ಐದು."

"ಹಾಜಿ, ನೀವೇ ಕೈಹಿಡಿದು ಹತ್ತಿಸಿದ್ದು..." ಎಂದೆ.

"ನಾನು ಹತ್ತಿಸ್ದೆ, ಸರಿ. ದ್ರಾಕ್ಷಿ ತಿಂದೋರು ಯಾರು?"

ಕಾನೂನಿನ ನೆರವು ಕೋರಿ ಸಾರ್ಜೆಂಟನ ಕಡೆ ನೋಡಿದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಬಂತು. ಅದು ಹನ್ನೊಂದು ವರ್ಷದ ನಂತರ ಆ ಇಬ್ಬರು ಅಣ್ಣತಮ್ಮಂದಿರು ಸೇರಿ ಮಾಡಿದ ಮೊದಲ ಕೆಲಸ. ಅಬು ಫ್ರೇಹ್ ಕತ್ತರಿ ಹಿಡಿದ. ಅಬು ದಹ್ಹಾಮ್ ಎರಡೂ ಅಂಗೈಯಲ್ಲಿ ನನ್ನ ತಲೆ ಹಿಡಿದು, ಅತ್ತ ಸ್ವಲ್ಪ ಇತ್ತ ಸ್ವಲ್ಪ ಸರಿಸಿ, ತಮ್ಮನ ಎದುರಿಗೆ ನೇರಮಾಡಿ ನಿಲ್ಲಿಸಿದ.

"ಸರಿಯಾಗಿ ನೋಡ್ಕೊಳ್ಳಪ್ಪಾ" ಎಂದ. "ಈ ಸಲ ತಲೆ ನಿನ್ನ ಕಡೆಗೇ ತಿರುಗಿದೆ."

ಕರಕ್ ಎಂದಿತು ಕತ್ತರಿ. ಹದಿನೆಂಟು ವರ್ಷದ ಸಾಕಣೆ ನನ್ನ ಮಡಿಲಿಗೆ ಬಿತ್ತು. ಎಡಭಾಗ ಪೂರ್ತಿ, ಬಲಭಾಗ ಮುಕ್ಕಾಲು. ಉಣ್ಣೆ ಕತ್ತರಿಗೆ ಅಷ್ಟೇ ನಾಜೂಕು. ಸಾಕ್ಷಿ ತೋರಿಸುತ್ತೇನೆ ಎಂದಿದ್ದೆನಲ್ಲ, ಇನ್ನೂ ಪೂರ್ತಿ ಬೆಳೆದಿಲ್ಲ, ಹತ್ತಿರ ಬಂದು ನೋಡಬಹುದು.

ಗುಡಾರಕ್ಕೆ ಗುಡಾರವೇ ನಗುತ್ತಿತ್ತು. ನಾನು ಬೋಳು ತುಟಿಯ ಮೇಲೆ ಕೈಯಿಟ್ಟುಕೊಂಡು, ಯಾರೋ ಕೊಟ್ಟ ಕಾಫಿಯನ್ನು ಸಿಟ್ಟಿನಿಂದ ಮುಂದೆ ನೆಲಕ್ಕಿಟ್ಟೆ. ಶುಕ್ರಿ ನನ್ನ ಎದುರು ಬಂದು, ಬೆನ್ನು ನೆಟ್ಟಗೆ ಮಾಡಿ ಕೂತ. ಅರೀಜ್‌ಳನ್ನು ಕೇಳಲು ಬಂದ ಹಿರಿಯರ ಮುಂದೆ ಕೂತ ಹಾಗೆ. ಎರಡೂ ತುದಿ ನೆಟ್ಟಗಿದ್ದ ತನ್ನ ಮೀಸೆಯ ಮೇಲೆ ನಿಧಾನವಾಗಿ ಕೈಯಾಡಿಸಿದ. ಒಂದು ತಿಂಗಳಲ್ಲಿ ಮೊದಲ ಸಲ, ಒಂದು ಅಕ್ಷರವೂ ಹಿಂದುಮುಂದಾಗದೆ, ಮಾತು ಬಂತು:

"ಕಾಫಿ ಕುಡಿ ಜೌದತ್, ನೀನು ಬಂದ ಕೆಲಸ ಆಯ್ತು."

ಆಮೇಲೆ ಅವನು ನಕ್ಕ ನಗುವಿಗೆ ಎದುರಿನ ಅಂಚಿನ ನಾಯಿಗಳೆಲ್ಲ ಬೊಗಳಿದವು.